ರೋಣದ ಬಚ್ಚಲ ನೀರು ಹಿತ್ತಿಲು ಏರಿದ್ದು

ಸ್ನಾನಕ್ಕೆ ಕೂಡುವ ಮುಂಚೆ ನಾನು ಒಂದು ತಂಬಿಗೆ ತಿಳಿನೀರನ್ನು ಬಚ್ಚಲ ತೂತಿಗೆ ಸುರಿಯುತ್ತೇನೆ. ಮೈಮೇಲಲ್ಲ, ತೂತಿಗೆ. ನಮ್ಮ ಮನೆಯಲ್ಲಿ ಇದು ಹಳೆಯ ನಗೆ. ಯಾವುದೋ ಮಡಿಯ ಆಚಾರ ಇರಬೇಕೆಂದು ಮಗಳು ಬಹಳ ದಿನ ತಿಳಿದಿದ್ದಳು. ಅವಳ ಗೆಳತಿಯೊಬ್ಬಳು ಇದಕ್ಕೆ ಔಷಧ ಸಿಗುತ್ತದೆ ಎಂದಳಂತೆ. ವಿಷಯ ಅಷ್ಟು ದೊಡ್ಡದಲ್ಲ. ಪಂಪಿನ ಗಂಟಲು ಒಣಗಿದ್ದರೆ ಅದು ನೀರು ಎತ್ತುವುದಿಲ್ಲ. ಮೊದಲು ಅದಕ್ಕೆ ಸ್ವಲ್ಪ ಕುಡಿಸಬೇಕು. ಈಗಿನ ನನ್ನ ಮನೆಯಲ್ಲಿ ಅಂಥ ಪಂಪೇ ಇಲ್ಲ, ಕುಡಿಸಲು ಸಿಗುವ ಬಾಯಿ ಎಂದರೆ ಈ ತೂತೊಂದೇ. ಮಿಂದ ನೀರು ಕೊಳವೆಯಲ್ಲಿ ಇಳಿದು ನನಗೆ ಗೊತ್ತಿಲ್ಲದ ದಾರಿ ಹಿಡಿದು ಎಲ್ಲಿಗೋ ಹೋಗುತ್ತದೆ. ಆದರೂ ಕೈ ನನ್ನ ಮಾತು ಕೇಳುವುದಿಲ್ಲ.

ಆ ಪಂಪು ಇದ್ದದ್ದು ರೋಣದಲ್ಲಿ, ಅವ್ವನ ತವರುಮನೆಯಲ್ಲಿ. ಅವ್ವನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆ ಪಂಪು ಆಯಿಯ ಮನೆಗೆ ಬಂದ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಒಂದೇ ತೊಡಕು: ಆಗ ನಾನಿನ್ನೂ ಹುಟ್ಟಿರಲಿಲ್ಲ. ಅವ್ವನ ಹೊಟ್ಟೆಯಲ್ಲಿದ್ದೆ; ಆ ಮಟ್ಟಿಗೆ ಹಾಜರಿದ್ದೆ ಎನ್ನಬಹುದು.

ಹುಟ್ಟದವರು ನೆನಪಿಟ್ಟುಕೊಳ್ಳಬಾರದು ಎಂಬ ನಿಯಮವೇನಾದರೂ ಇದ್ದರೆ ನಾನು ಅದನ್ನು ಮುರಿದಿದ್ದೇನೆ. ನನ್ನ ಸೋದರಮಾವ ಚನಬಸು ಮಾಮಾ ಬಚ್ಚಲಗುಂಡಿಯಿಂದ ಮೇಲೆದ್ದು ಬರುವುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅವನ ಕಿವಿಯ ಮೇಲೆ ಒಂದು ಚೆಂಡುಹೂವಿದೆ. ಬಿಸಿಲು ಎಡಗಡೆಯಿಂದ ಬೀಳುತ್ತಿದೆ. ಬಿಸಿಲು ಎಡಗಡೆಯಿಂದ ಬಿದ್ದದ್ದು ನನಗೆ ಹೇಗೆ ಗೊತ್ತು? ಯಾರೂ ಹೇಳಿಲ್ಲ. ಆಯಿ ಹೇಳಿದ್ದು, ಮಾಮಾ ಹೇಳಿದ್ದು, ಅವ್ವ ಹೇಳಿದ್ದು ಎಲ್ಲ ನನ್ನಲ್ಲಿ ಬಂದು ನಿಂತುಬಿಟ್ಟಿವೆ. ಮನೆಮಂದಿಯೆಲ್ಲ ಮಿಂದ ನೀರು ಒಂದೇ ಗುಂಡಿಯಲ್ಲಿ ನಿಂತ ಮೇಲೆ ಯಾರದು ಯಾವುದು ಎಂದು ಬೇರೆ ಮಾಡುವುದು ಹೇಗೆ? ಹಾಗಾಗಿ ಎಲ್ಲಿ ಮೂವರ ಮಾತು ಹೊಂದುವುದಿಲ್ಲವೋ ಅಲ್ಲಿ ಹೊಂದುವುದಿಲ್ಲ ಎಂದು ಹೇಳಿ ಮುಂದೆ ಹೋಗುತ್ತೇನೆ. ನೀವೂ ಸ್ವಲ್ಪ ಹೊಂದಿಕೊಳ್ಳಿ.

ನಮ್ಮ ಕಡೆಯ ಊರುಗಳನ್ನು ಗುಡಿಯಿಂದಲೋ ಸಂತೆಯಿಂದಲೋ ಗುರುತಿಸುವವರಿದ್ದಾರೆ. ನನಗೆ ಅವು ಬಚ್ಚಲ ನೀರಿನಿಂದಲೇ ಗುರುತು. ನರಗುಂದದ ನೆತ್ತಿಯ ಮೇಲೆ ಗುಡ್ಡವಿದೆ. ನಮ್ಮ ಅಪ್ಪನ ಮನೆ ಅದರ ಬುಡದ ಇಳಿಜಾರಿನಲ್ಲಿತ್ತು. ಅಲ್ಲಿ ತಂಬಿಗೆ ನೀರು ಚೆಲ್ಲಿದರೆ ಅದು ಯಾರನ್ನೂ ಕೇಳದೆ ಇಳಿದು ಹೋಗುತ್ತಿತ್ತು. ಗಜೇಂದ್ರಗಡದಲ್ಲೂ ಗುಡ್ಡ, ಅಲ್ಲೂ ಇಳಿಜಾರು. ಮೇಲಾಗಿ ನೂಲಿಗೆ ಬಣ್ಣ ಹಾಕುವವರ ಓಣಿಗಳಲ್ಲಿ ಗಟಾರದ ನೀರು ಒಂದು ದಿನ ಕೆಂಪು, ಒಂದು ದಿನ ನೀಲಿ. ರೋಣ ಮಾತ್ರ ರೊಟ್ಟಿಯ ಹಾಗೆ ಸಪಾಟ. ಸುತ್ತ ಕಪ್ಪು ಎರೆಮಣ್ಣಿನ ಹೊಲ, ನಡುವೆ ಊರು. ಅಲ್ಲಿ ಚೆಲ್ಲಿದ ನೀರು ಚೆಲ್ಲಿದವರ ಮುಖವನ್ನೇ ನೋಡುತ್ತ ನಿಂತಿರುತ್ತಿತ್ತು.

ಹಾಗಿದ್ದರೂ ಮೊದಲು ಹೇಗೋ ನಡೆಯುತ್ತಿತ್ತು. ಆಯಿಯ ಬಚ್ಚಲು ಅಡುಗೆಮನೆಯ ಮೂಲೆಯಲ್ಲಿ. ಒಂದು ಮೋಟುಗೋಡೆ, ಒಲೆಯ ಮೇಲೆ ತಾಮ್ರದ ಹಂಡೆ, ಕೂತು ಮೀಯಲು ಒಂದು ಚಪ್ಪಡಿ ಕಲ್ಲು, ಗೋಡೆಯ ಬುಡದಲ್ಲಿ ಒಂದು ತೂತು. ತೂತಿನಿಂದ ಹೊರಬಿದ್ದ ನೀರು ಮನೆಯ ಪಕ್ಕದ ಸಂದಿಯಲ್ಲಿ ಹರಿದು ಓಣಿಯ ಗಟಾರ ಸೇರುತ್ತಿತ್ತು. ಸ್ವಾತಂತ್ರ್ಯ ಬಂತು. ಕೆಲವು ವರ್ಷಗಳ ನಂತರ ಓಣಿಗೂ ಒಂದು ರಸ್ತೆ ಬಂತು. ಗರಸು ಹಾಕಿದರು, ಕಲ್ಲು ಹಾಕಿದರು, ಮತ್ತೆ ಗರಸು ಹಾಕಿದರು. ರಸ್ತೆಯ ಜೊತೆಗೆ ಗಟಾರವೂ ಏರಿತು. ಮೂರು ಮೆಟ್ಟಿಲು ಹತ್ತಿ ಒಳಗೆ ಬರುತ್ತಿದ್ದ ಜನ ಎರಡು ಮೆಟ್ಟಿಲು ಇಳಿದು ಬರತೊಡಗಿದರು. ಹಿಂದಿನ ಹಿತ್ತಿಲು ಮೊದಲಿನಿಂದಲೂ ಎತ್ತರ. ತಲೆಮಾರುಗಳ ಬೂದಿ, ಕಸ, ಸಗಣಿ ಬಿದ್ದು ಬಿದ್ದು ಏರಿದ್ದು. ಮುಂದೂ ಎತ್ತರ, ಹಿಂದೂ ಎತ್ತರ. ನಡುವೆ ಆಯಿಯ ಮನೆ ಬೋಗುಣಿಯ ತಳದಲ್ಲಿ ಕೂತಂತಾಯಿತು.

"ಸರಕಾರದವರು ನಮಗ ರಸ್ತಾ ಮಾಡಿಕೊಟ್ರು. ಬಚ್ಚಲ ಇದ್ದದ್ದು ಬಾವಿ ಆತು" ಎಂದು ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳಂತೆ. ಯಾವ ಸರಕಾರ ಎಂದು ಕೇಳಬೇಡಿ. ಆಗ ನಾವು ಮುಂಬಯಿ ಸರಕಾರದವರು. ನನಗೆ ಹಲ್ಲು ಬರುವಷ್ಟರಲ್ಲಿ ಮೈಸೂರಿನವರಾದೆವು. ಬಚ್ಚಲು ಮಾತ್ರ ಎರಡೂ ಸರಕಾರಗಳಲ್ಲಿ ಇದ್ದಲ್ಲೇ ಇತ್ತು.

ಆಯಿ ಮತ್ತು ಮಾಮಾ ಇಬ್ಬರೇ ಇದ್ದಾಗ ತೊಂದರೆಯೇನೂ ಆಗಲಿಲ್ಲ. ಅಜ್ಜ ಹಿಂದೆಯೇ ತೀರಿಕೊಂಡಿದ್ದ. ಮಾಮಾನಿಗೆ ಇನ್ನೂ ಮದುವೆಯಾಗಿರಲಿಲ್ಲ. ತೂತಿನ ಹೊರಗೆ ಒಂದು ಗುಂಡಿ ತೋಡಿ, ಸಂಜೆ ಅದರಲ್ಲಿ ನಿಂತ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಹಿತ್ತಿಲಿಗೆ ಎಸೆದರೆ ಮುಗಿಯಿತು. ಬಚ್ಚಲ ನೀರಷ್ಟೇ ಆದ್ದರಿಂದ ಅದು ಸಾಧ್ಯವಿತ್ತು. ಉಳಿದದ್ದಕ್ಕೆ ಆಗ ಊರಿಗೆ ಊರೇ ಬಯಲಿಗೆ ಹೋಗುತ್ತಿತ್ತು. ಹೀಗಿರುವಾಗ ನನ್ನ ಬರವಿನ ಸುದ್ದಿ ಬಂತು. ತೊಂದರೆ ಕೊಡುವ ನನ್ನ ಗುಣ ಅಷ್ಟು ಹಳೆಯದು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಹೆರಿಗೆಯಾದರೆ ಬಾಣಂತನ, ಬಾಣಂತನವೆಂದರೆ ನೀರು. ಬಾಣಂತಿಗೆ ನೀರು ಎರೆಯುವುದನ್ನು ನೋಡದವರಿಗೆ ಇದು ತಿಳಿಯಲಿಕ್ಕಿಲ್ಲ. ಎಣ್ಣೆ ತಿಕ್ಕಿ, ಕಲ್ಲಿನ ಮೇಲೆ ಕೂಡಿಸಿ, ಕೈಯಿಟ್ಟರೆ ಸುಡುವಂಥ ನೀರನ್ನು ಹಂಡೆಗಟ್ಟಲೆ ಸೊಂಟಕ್ಕೆ, ಬೆನ್ನಿಗೆ, ತಲೆಗೆ ಹಾಕುತ್ತಾರೆ. ಹಂಡೆ ಖಾಲಿಯಾದರೆ ಮತ್ತೆ ತುಂಬಿಸುತ್ತಾರೆ. ಒಂದು ದಿನದ ಮಾತಲ್ಲ, ವಾರಗಟ್ಟಲೆ ನಡೆಯುವ ಕೆಲಸ. ಅಷ್ಟು ನೀರನ್ನು ಬಕೆಟ್ಟಿನಲ್ಲಿ ಮೊಗೆಯಲು ಆಗುವುದಿಲ್ಲ. ಏರಿದ ಗಟಾರಕ್ಕೇ ಹೇಗಾದರೂ ದಾಟಿಸೋಣವೆಂದರೆ ಅದಕ್ಕೂ ಆಯಿ ಬಿಡಳು. ಬಾಣಂತಿ ಮಿಂದ ನೀರನ್ನು ಹೊರಗಿನವರು ದಾಟಬಾರದು ಎಂಬುದು ಅವಳ ಕಟ್ಟುನಿಟ್ಟು. ಓಣಿಯ ಗಟಾರವನ್ನೋ ಊರೆಲ್ಲ ದಾಟುತ್ತದೆ. ಅಂದಮೇಲೆ ನೀರು ಹೋಗಬೇಕಾದದ್ದು ನಮ್ಮದೇ ಹಿತ್ತಿಲಿಗೆ, ಅಂದರೆ ಮೇಲಕ್ಕೆ. ನೀರಿಗೆ ಏರುವ ಚಟ ಇಲ್ಲವಲ್ಲ.

ಅಪ್ಪನ ತಾಯಿಯನ್ನು ನಾನು ನರಗುಂದದ ಅಮ್ಮ ಎಂದು ಕರೆಯುತ್ತೇನೆ. ಗಟ್ಟಿ ಹೆಣ್ಣುಮಗಳು, ದನಿ ಎತ್ತದೆ ಮನೆ ನಡೆಸಿದವಳು. ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿ ಅವ್ವನನ್ನು ತವರಿಗೆ ಕಳಿಸುವಾಗ ಅವಳು ಆಯಿಗೆ ಮೆತ್ತಗೆ ಒಂದು ಮಾತು ಹೇಳಿದ್ದಳು:

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಬಚ್ಚಲದ್ದು ನಾ ಕೇಳೀನಿ. ಒಂದೀಟು ದಿನಾ ಬಿಟ್ಟು ಬಂದು ನೋಡ್ತೀನಿ. ನೀರಿಗೆ ದಾರಿ ಆಗಿದ್ರ ಚಲೋ. ಇಲ್ಲಂದ್ರ ಹುಡುಗಿನ್ನ ಕರಕೊಂಡು ಹೋಗ್ತೀನಿ. ಹಸೀ ಬಾಣಂತಿ ಹೊಲಸ ನೀರಾಗ ಕಾಲಿಟ್ಟು ಕುಂದರಬಾರದು."

ಮಾತಿನಲ್ಲಿ ತಪ್ಪು ಹುಡುಕಲು ಆಯಿ ಬಹಳ ಪ್ರಯತ್ನಪಟ್ಟಳಂತೆ. ಸಿಗಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಗಿದ್ದು. ಇನ್ನು ಅವ್ವ? ಅವಳಿಗೆ ತವರಿನಲ್ಲೇ ಹಡೆಯಬೇಕಿತ್ತು. ಬೇಕಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾಕೆ ಎಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ತವರು ಬೇಕೆನ್ನುವ ಮಗಳಿಗೆ ಕಾರಣವೇನು ಎಂದು ಯಾರಾದರೂ ಕೇಳುತ್ತಾರೆಯೇ?

ಈ ತೊಡಕು ಬಿಡಿಸಬೇಕಾದವನು ಮಾಮಾ. ಅವನು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಕಾರಕೂನ. ಎಂಜಿನ್ನಿನ ಪಕ್ಕದಲ್ಲೇ ಅವನ ಮೇಜು ಇದ್ದದ್ದರಿಂದ ಯಂತ್ರಗಳ ವಿದ್ಯೆ ಗಾಳಿಯಲ್ಲಿ ಬಂದು ತನಗೆ ಹತ್ತಿದೆ ಎಂದು ಅವನು ನಂಬಿದ್ದ. ಮೊದಲು ಅವನು ಮಾಡಿದ್ದು ಇಂಗುಗುಂಡಿ. ನೆಲದಲ್ಲಿ ಆಳವಾಗಿ ತೋಡಿ, ಅದಕ್ಕೆ ದಪ್ಪ ಕಲ್ಲು, ಸಣ್ಣ ಕಲ್ಲು, ಉಸುಕು ತುಂಬಿ ನೀರು ಬಿಟ್ಟರೆ ಭೂಮಿ ಕುಡಿದುಬಿಡುತ್ತದೆ ಎಂಬುದು ಲೆಕ್ಕ.

"ಕುಡಿಯೋ ಭೂಮಿ ಬ್ಯಾರೆ ಕಡೆ ಐತೋ ತಮ್ಮಾ. ನಮ್ಮ ಎರಿ ಭೂಮಿ ಬರೇ ಬಾಯಿ ಮುಕ್ಕಳಸತೈತಿ" ಎಂದಳು ಆಯಿ.

ಅವಳು ಹೇಳಿದ್ದು ನಿಜವಾಯಿತು. ಎರೆಮಣ್ಣು ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲ ಎರಡು ದಿನ ಗಟಗಟ ಕುಡಿಯಿತು. ಆಮೇಲೆ ಉಬ್ಬಿತು, ಬಿರುಕುಗಳೆಲ್ಲ ಮುಚ್ಚಿಕೊಂಡವು. ಗುಂಡಿ ಜಿಗುಟು ಮಣ್ಣು ಅರೆದು ಬಳಿದ ಗಡಿಗೆಯಂತೆ ನೀರನ್ನು ಹಿಡಿದುಕೊಂಡು ಕೂತಿತು. ಅದರಲ್ಲಿ ಕಪ್ಪೆಗಳು ಸಂಸಾರ ಹೂಡಿದವು. ಅವು ಹಾಕಿದ ಸಂಜೆಯ ಗದ್ದಲದಲ್ಲಿ ಆಯಿ ಮಾಮಾನಿಗೆ ಬೈದದ್ದು ಅರ್ಧ ಕೇಳಿಸಲೇ ಇಲ್ಲವಂತೆ. ಮಾಮಾ ಇದನ್ನು ಒಪ್ಪುವುದಿಲ್ಲ. ಕಪ್ಪೆ ಬಂದಿರಲಿಲ್ಲ, ಬಂದಿದ್ದರೆ ಒಂದೋ ಎರಡೋ ಎಂದು ಅವನ ವಾದ.

ಆಮೇಲೆ ಅವನು ಗಜೇಂದ್ರಗಡಕ್ಕೆ ಹೋದ. ಅಲ್ಲಿ ನೂಲಿಗೆ ಬಣ್ಣ ಹಾಕುವ ಒಬ್ಬ ಪರಿಚಯದವರ ಮನೆಯಲ್ಲಿ ತೊಟ್ಟಿಯ ಬಣ್ಣದ ನೀರನ್ನು ಎತ್ತಿ ಹೊರಗೆ ಹಾಕಲು ಒಂದು ಕೈಪಂಪು ಇತ್ತು; ಅವರು ಹೊಸದು ತಂದದ್ದರಿಂದ ಹಳೆಯದು ಗೋಡೆಗೆ ಒರಗಿ ನಿಂತಿತ್ತು. ಮಾಮಾ ಅದನ್ನು ಬಸ್ಸಿನ ನೆತ್ತಿಗೆ ಕಟ್ಟಿಸಿ ತಂದ. ಹಿತ್ತಿಲಿನ ಅಂಚಿನಲ್ಲಿ, ಗುಂಡಿಯ ನೇರ ಮೇಲೆ ಒಂದು ಸಣ್ಣ ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸಿದ. ಅದರ ಕೊಳವೆ ಗುಂಡಿಗೆ ಇಳಿಯಿತು. ಮೂತಿ ಹಿತ್ತಿಲಿನ ನುಗ್ಗೆಗಿಡದ ಕಡೆ ತಿರುಗಿತು.

ಅದು ಕೆಲಸ ಮಾಡುವ ರೀತಿಯನ್ನು ಮಾಮಾ ನನಗೆ ಎಷ್ಟು ಸಲ ವಿವರಿಸಿದ್ದಾನೆಂದರೆ ಅದನ್ನು ನಾನೇ ಕಟ್ಟಿದಂತೆ ಹೇಳಬಲ್ಲೆ. ಕೊಳವೆಯ ಬುಡದಲ್ಲಿ ಒಂದು ಮುಚ್ಚಳ. ಮಾಮಾ ಅದನ್ನು ನಾಲಿಗೆ ಎನ್ನುತ್ತಿದ್ದ. ಮೇಲೆ ಪಂಪಿನ ಹೊಟ್ಟೆಯಲ್ಲಿ ಒಂದು ತೊಗಲಿನ ಬಟ್ಟಲು. ಹಿಡಿಕೆ ಒತ್ತಿದಾಗ ಬಟ್ಟಲು ಮೇಲಕ್ಕೇಳುತ್ತದೆ, ಕೆಳಗಿನ ನಾಲಿಗೆ ತೆರೆದುಕೊಂಡು ನೀರು ಕೊಳವೆಯೊಳಗೆ ಬರುತ್ತದೆ. ಹಿಡಿಕೆ ಬಿಟ್ಟಾಗ ಬಟ್ಟಲು ಇಳಿಯುತ್ತದೆ, ನಾಲಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಬಂದ ನೀರಿಗೆ ಹಿಂದೆ ಹೋಗಲು ದಾರಿಯಿಲ್ಲ. ಅದು ಬಟ್ಟಲನ್ನು ದಾಟಿ ಮೇಲೆ ನಿಲ್ಲುತ್ತದೆ, ಮುಂದಿನ ಒತ್ತಿಗೆ ಮೂತಿಯಿಂದ ಸುರಿಯುತ್ತದೆ. ಎಲ್ಲ ಜಾಣತನ ಆ ನಾಲಿಗೆಯಲ್ಲಿದೆ. ಬರುವಾಗ ತೆರೆಯಬೇಕು, ಹೋಗುವಾಗ ಮುಚ್ಚಬೇಕು. ತೊಗಲು ಒಣಗಿದ್ದರೆ ಹಿಡಿತ ಸಿಗುವುದಿಲ್ಲ, ಅದಕ್ಕೇ ಮೊದಲು ಪಂಪಿನ ನೆತ್ತಿಗೆ ಒಂದು ತಂಬಿಗೆ ತಿಳಿನೀರು.

ಆಯಿಯ ಕಿವಿ ನಿಂತದ್ದು ಒಂದೇ ಶಬ್ದದ ಮೇಲೆ.

"ತೊಗಲಾ? ಇದರಾಗ ತೊಗಲ ಐತೇನೋ?"

"ಹೌದಬೇ. ತೊಗಲ ಇಲ್ದ ನೀರು ಏರಂಗಿಲ್ಲ."

"ಮೈ ತೊಳಕೊಂಡು ಲಿಂಗಪೂಜಿಗೆ ಹೋಗೋ ಜಾಗಾದಾಗ ತೊಗಲಾ! ನನ್ನ ಹೆಣಾ ಬೀಳೂತನಾ ಆಗಂಗಿಲ್ಲ."

ಒಳಗೆ ಕಾಳು ಆರಿಸುತ್ತ ಕೂತಿದ್ದ ಅವ್ವ ಅಲ್ಲಿಂದಲೇ ಹೇಳಿದಳಂತೆ: "ಯವ್ವಾ, ಇದೇನ ಮನಿಗೆ ಬರೋ ನೀರಲ್ಲ, ಮನಿ ಬಿಟ್ಟು ಹೋಗೋ ನೀರು. ಹೋಗೋರು ಎಂಥಾ ಕೆರಾ ಮೆಟ್ಟಿಕೊಂಡು ಹೋದ್ರ ನಮಗೇನಾತು?"

ಆಯಿ ಪಂಪಿಗೆ ಕುಡಿಸಲು ತಂಬಿಗೆ ನೀರು ತಂದುಕೊಟ್ಟಳು. ಸೋತ ಮಾತನ್ನು ಸೋತೆನೆಂದು ಒಪ್ಪುವಷ್ಟು ನ್ಯಾಯ ಅವಳಲ್ಲಿತ್ತು.

ಮೊದಲ ದಿನ ಮಾಮಾ ಹಿಡಿಕೆ ಒತ್ತಿದಾಗ ಪಂಪಿನ ಮೂತಿಯಿಂದ ಬಂದದ್ದು ಗಾಢ ಕೆಂಪು ನೀರು. ಪಂಪಿನ ಹೊಟ್ಟೆಯಲ್ಲಿ ಗಜೇಂದ್ರಗಡದ ಬಣ್ಣ ಇನ್ನೂ ಉಳಿದಿತ್ತು. ಹಿತ್ತಿಲ ಗೋಡೆಯ ಆಚೆಯಿಂದ ನೆರೆಮನೆಯಾಕೆ ಇಣುಕಿ "ಏನವಾ, ನಿಮ್ಮ ಮನ್ಯಾಗ ಈಗ ಹೋಳಿ?" ಎಂದು ಕೇಳಿದಳು. ಆ ವರ್ಷ ನುಗ್ಗೆಕಾಯಿ ಕೆಂಪಗೆ ಬಿಡಬಹುದೆಂದು ಆಯಿ ಕಾದಳು. ಅವು ಹಸಿರಾಗಿಯೇ ಬಿಟ್ಟವು, ಆದರೆ ಎಂದೂ ಇಲ್ಲದಷ್ಟು ಬಿಟ್ಟವು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಯಾಕೆಂದರೆ ಈ ಭಾಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಬಾಲ್ಯದ ರಜೆಗಳಲ್ಲಿ ಆಯಿಯ ಮನೆಯಲ್ಲಿ ಒಬ್ಬರೇ ಸ್ನಾನ ಮಾಡಲು ಆಗುತ್ತಿರಲಿಲ್ಲ. ಒಬ್ಬರು ಒಳಗೆ ಮೀಯಬೇಕು, ಒಬ್ಬರು ಹೊರಗೆ ಹಿಡಿಕೆ ಹೊಡೆಯಬೇಕು. ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಒಳಗಿನವರೇ ತೂತಿನ ಕಡೆ ಬಗ್ಗಿ "ಹೊಡಿ" ಎನ್ನಬೇಕು, "ಸಾಕು" ಎನ್ನಬೇಕು. ಆ ತೂತು ಮಾತನ್ನು ಚೆನ್ನಾಗಿ ದಾಟಿಸುತ್ತಿತ್ತು. "ಹೊಡಿ", "ಸಾಕು"ಗಳ ನಡುವೆ ಇನ್ನೇನಾದರೂ ಮಾತು ಬೆಳೆಯುತ್ತಿತ್ತು. ಮುಖ ಕಾಣದಿರುವಾಗ, ಮೈಮೇಲೆ ಬಿಸಿನೀರು ಬೀಳುತ್ತಿರುವಾಗ, ಜನ ಬೇರೆ ಕಡೆ ಆಡದ ಮಾತು ಆಡುತ್ತಾರೆ. ಮಾಮಾ ತನಗೆ ನೋಡಿದ ಹೆಣ್ಣು ಇಷ್ಟವಾಗಿದೆ ಎಂದು ಆಯಿಗೆ ಹೇಳಿದ್ದು ಮೈಗೆ ಸಾಬೂನು ಹಚ್ಚಿಕೊಂಡೇ. ಸಾಲೆಯಲ್ಲಿ ಗಣಿತದ ಪರೀಕ್ಷೆಯಲ್ಲಿ ನಾನು ನಪಾಸಾದದ್ದನ್ನು ಅವ್ವನಿಗೆ ಅಲ್ಲಿಂದಲೇ ತಿಳಿಸಿದೆ. ಸಿಟ್ಟಿಗೆ ಅವಳು ಹಿಡಿಕೆ ಜೋರಾಗಿ ಹೊಡೆದಳೇ ಹೊರತು ಒಳಗೆ ಬಂದು ನನ್ನನ್ನು ಹೊಡೆಯಲಾಗಲಿಲ್ಲ. ಪಂಪು ಬಿಟ್ಟರೆ ನೀರು ಏರುತ್ತಿತ್ತಲ್ಲ. ಕಥೆಯ ಮುಂದಿನ ಭಾಗವನ್ನೂ ಅವ್ವ ನನಗೆ ಹೇಳಿದ್ದು ಹಾಗೆಯೇ. ಅವಳು ಒಳಗೆ, ನಾನು ಹೊರಗೆ. ಹೇಳುವಾಗ ಅವಳ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

ನರಗುಂದದ ಅಮ್ಮ ಹೇಳಿದಂತೆ ಬಂದಳು. ಬೆಳಗಿನಲ್ಲೇ ಓಣಿಯ ತಲೆಗೆ ಅವಳ ಎತ್ತಿನ ಚಕ್ಕಡಿ ಕಾಣಿಸಿತು. ಹುಲ್ಲು ಹಾಸಿ, ಅದರ ಮೇಲೆ ಗಾದಿ ಹಾಕಿ, ಮೇಲೆ ಕಮಾನು ಕಟ್ಟಿದ ಚಕ್ಕಡಿ. ಆ ಗಾದಿಯೇ ಆಯಿಯ ಕಣ್ಣಿಗೆ ಮೊದಲು ಬಿತ್ತು. ಬರುವಾಗಲೇ ಕರೆದೊಯ್ಯುವ ತಯಾರಿ ಮಾಡಿಕೊಂಡು ಬಂದಿದ್ದಾಳೆ ಎಂದು ಅರ್ಥ. ಆದರೂ ಪಂಪಿನ ಮೇಲೆ ಅವಳಿಗೆ ಭರವಸೆ ಇತ್ತು. ಬೀಗತಿಗೆ ದೂಳಿನ ದಾರಿಯ ಸುಸ್ತು, ಮೊದಲ ಸ್ನಾನ ಅವಳದೇ ಆಗಲಿ, ತಾನೇ ಕಣ್ಣಾರೆ ನೋಡಲಿ ಎಂದು ಎರಡು ಹಂಡೆ ನೀರು ಕಾಯಿಸಿದಳು.

ಕಾಯಿಸಿದ್ದರೆ ಸಾಕಾಗಿತ್ತು. ಆದರೆ ಬೀಗರ ಎದುರು ಕೆಲಸಕ್ಕೆ ನಿಲ್ಲುವ ಕಬ್ಬಿಣಕ್ಕೆ ಪೂಜೆಯಾಗದಿದ್ದರೆ ಹೇಗೆ? ಆಯಿ ಪಂಪಿಗೆ ವಿಭೂತಿ ಬಳಿದಳು. ಕೊರಳಿಗೆ ಚೆಂಡುಹೂವಿನ ದಪ್ಪ ಮಾಲೆ ಹಾಕಿದಳು. ಮಾಮಾ ಅದರ ಬುಡದ ಕಟ್ಟೆಗೆ ತೆಂಗಿನಕಾಯಿ ಒಡೆದ. ಕಾಯಿಯ ಜುಟ್ಟು, ಎರಡು ಊದಿನಕಡ್ಡಿ ಎಲ್ಲ ಅಲ್ಲೇ ಅಂಚಿನಲ್ಲಿ. ತೊಗಲು ಬೇಡವೆಂದಿದ್ದವಳೇ ಈಗ ಅದಕ್ಕೆ ಕೈಮುಗಿದು "ಮಾನಾ ಕಾಯಪಾ" ಎಂದಳು.

ಅಮ್ಮ ಬಚ್ಚಲಿಗೆ ಹೋದಳು. ಮಾಮಾ ಹೊರಗೆ ಹಿಡಿಕೆ ಹಿಡಿದ. ಮೊದಲು ಚೆನ್ನಾಗಿಯೇ ಬಂತು. ಆಮೇಲೆ ಹಿಡಿಕೆ ಹಗುರಾಯಿತು. ಖೊಳಕ್ ಖೊಳಕ್ ಎಂಬ ಸದ್ದು ಮಾತ್ರ, ಮೂತಿಯಲ್ಲಿ ಹನಿ ಇಲ್ಲ. ಮಾಮಾ ಜೋರಾಗಿ ಹೊಡೆದ. ನೀರು ಕೊಳವೆಯಲ್ಲಿ ಅರ್ಧ ಏರುತ್ತದೆ, ಮತ್ತೆ ಗುಂಡಿಗೇ ಬೀಳುತ್ತದೆ. ಏರಿದ್ದು ಹೋಗಿ ಮತ್ತೆ ಅಲ್ಲಿಗೇ. ಒಳಗಿನಿಂದ ಅಮ್ಮನ ಶಾಂತವಾದ ದನಿ ಬಂತು:

"ಅಕ್ಕಾರ, ನಿಮ್ಮ ಬಚ್ಚಲ ನನ್ನ ಕಾಲ ಹಿಡಕೊಂಡೈತ್ರಿ. ಬಿಡಸತೀರೇನು?"

ಆಯಿ ಓಡಿ ಹೋಗಿ ನೋಡಿದರೆ ಬೀಗತಿ ಚಪ್ಪಡಿ ಕಲ್ಲಿನ ಮೇಲೆ ಎದ್ದು ನಿಂತಿದ್ದಾಳೆ. ಸುತ್ತಲೂ ಸೀಗೆಕಾಯಿಯ ನೊರೆ ತೇಲುವ ನೀರು. ಅದರ ಮೇಲೆ ಒಂದು ಊದಿನಕಡ್ಡಿ ತೇಲಿಕೊಂಡು ಬಂದಿದೆ. ಊದಿನಕಡ್ಡಿಯ ಮಾತು ಮಾಮಾ ಸೇರಿಸಿದ್ದು ಎಂದು ನನ್ನ ಗುಮಾನಿ. ನನಗೆ ಅದನ್ನು ತೆಗೆದುಹಾಕಲು ಮನಸ್ಸಿಲ್ಲ.

ಅಮ್ಮ ಬೈದಿದ್ದರೆ ಆಯಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ತಲೆ ಒರೆಸಿಕೊಳ್ಳುತ್ತ ಹೇಳಿದಳು: "ಪಾಪ, ಮಾಡೂದೆಲ್ಲಾ ಮಾಡೀರಿ. ಭೂಮೀನ ಹಂಗೈತಿ, ಯಾರೇನ ಮಾಡಾಕ ಬರತೈತ್ರಿ? ಉಂಡು ಹೊರಡತೀವಿ. ಶಾಂತವ್ವ ನಮ್ಮ ಜೋಡಿ ಬರಲಿ."

ಶಾಂತವ್ವ, ಅಂದರೆ ನಮ್ಮ ಅವ್ವ, ಎದ್ದಳು. ಒಳಗೆ ಹೋಗಿ ತನ್ನ ಸೀರೆಗಳನ್ನು ಮಡಚತೊಡಗಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

ಮಾಮಾನ ಮಾನ ಹೋಗಿತ್ತು. ಅವನು ಧೋತರ ಎತ್ತಿ ಕಟ್ಟಿ ಗುಂಡಿಗೆ ಇಳಿದ. ಕೊಳವೆಯ ಬುಡಕ್ಕೆ ಕೈ ಹಾಕಿ ನಾಲಿಗೆಯನ್ನು ತಡಕಿದ. ಅಲ್ಲಿ ಏನು ಸಿಕ್ಕಿತು ಎಂಬುದರಲ್ಲಿ ಮೂರು ಮತಗಳಿವೆ. ಪೂಜೆಯ ಚೆಂಡುಹೂವಿನ ಎಸಳು ಮತ್ತು ಕಾಯಿಯ ಜುಟ್ಟಿನ ನಾರು ನಾಲಿಗೆಯ ಅಡಿ ಸಿಕ್ಕು ಅದು ಮುಚ್ಚಿಕೊಳ್ಳದಂತಾಗಿತ್ತು ಎಂಬುದು ಮಾಮಾನ ಮಾತು. ದೇವರ ಹೂವು ಅಂಥ ಕೆಲಸ ಮಾಡುವುದಿಲ್ಲ, ಬೀಗತಿಯ ಉದುರುವ ಕೂದಲೇ ಕಾರಣ ಎಂಬುದು ಆಯಿಯ ಮಾತು. ಅವ್ವ ಮಾತ್ರ ಸೀಗೆಕಾಯಿಯ ಸಿಪ್ಪೆ ಎನ್ನುತ್ತಾಳೆ. ಅದರಲ್ಲಿ ಇಬ್ಬರ ಮಾನವೂ ಉಳಿಯುತ್ತದೆ. ನಾನು ಮಾಮಾನ ಕಡೆ. ಮಾಲೆ ಹಾಕಿ, ಕೈಮುಗಿದು, ನಾವೇ ಪಂಪಿನ ಬಾಯಿಗೆ ಹೂವು ತುರುಕಿದೆವು ಎಂಬುದು ನನಗೆ ನಮ್ಮ ಮನೆತನಕ್ಕೆ ಒಪ್ಪುವ ಮಾತಾಗಿ ಕಾಣುತ್ತದೆ.

ಏನೇ ಇರಲಿ, ನಾಲಿಗೆ ಬಿಡಿಸಿಕೊಂಡಿತು. ಮಾಮಾ ಒಂದು ಹಳೆಯ ಬಿದಿರಿನ ಪುಟ್ಟಿಯನ್ನು ಕೊಳವೆಯ ಬುಡಕ್ಕೆ ಸುತ್ತ ಕಟ್ಟಿದ, ಕಸ ಅದರಲ್ಲೇ ನಿಲ್ಲಲಿ ಎಂದು. ಗುಂಡಿಯಿಂದ ಮೇಲೆದ್ದು ಬಂದವನ ರೂಪ ನೋಡಿ ಆಯಿ ಬಾಗಿಲಲ್ಲೇ ತಡೆದಳು. ಅವನು ತೊಳೆದುಕೊಳ್ಳಲು ಕೆರೆಯ ಕಡೆ ಹೋದ. ಪಂಪು ಸರಿಯಾಗಿದೆ ಎಂದು ಅವನು ಹೇಳಿಯೇ ಹೋದ, ಆದರೆ ಅಷ್ಟು ಹೊತ್ತಿಗೆ ಅವನ ಮಾತಿಗೆ ಕಿಮ್ಮತ್ತು ಉಳಿದಿರಲಿಲ್ಲ.

ಊಟವಾಯಿತು. ಎತ್ತುಗಳಿಗೆ ನೀರು ಕುಡಿಸಲು ಗಾಡಿಯ ಆಳು ಹೋದ. ಅಮ್ಮ ಅವ್ವನಿಗೆ ಹೇಳಿದಳು: "ಸೊಂಟಾ ಹಿಡಕೊಂಡಂಗ ಕಾಣತೈತಲ್ಲವಾ. ಒಂದೀಟು ಬಿಸಿನೀರ ಹಾಕ್ಕೊಂಡು ಬಾ. ದಾರಿ ದೂರ ಐತಿ."

ಅವ್ವ ಬಚ್ಚಲಿಗೆ ಹೋದಳು. ಆಯಿ ಮುಂದಿನ ಪಡಸಾಲೆಯಲ್ಲಿ ಬುತ್ತಿಯ ರೊಟ್ಟಿ ಕಟ್ಟುತ್ತಿದ್ದಳು, ಅಳುತ್ತ ಕಟ್ಟುತ್ತಿದ್ದಳು. ಅಮ್ಮ ಹಿತ್ತಿಲಿಗೆ ಬಂದು ನುಗ್ಗೆಗಿಡದ ನೆರಳಿನಲ್ಲಿ, ಪಂಪಿನ ಕಟ್ಟೆಯ ಮೇಲೆಯೇ ಕೂತು ಎಲೆಅಡಿಕೆ ಹಾಕಿಕೊಂಡಳು.

ತೂತಿನ ಆಚೆಯಿಂದ ಅವ್ವನ ದನಿ ಬಂತು: "ಯವ್ವಾ, ಹೊಡಿಬೇ. ನೀರು ಏರಾಕ ಹತ್ಯಾವು."

ಅಮ್ಮ ಸುತ್ತ ನೋಡಿದಳು. ಯಾರೂ ಇರಲಿಲ್ಲ.

"ಯವ್ವಾ, ಅದೀಯಿಲ್ಲ? ಕಲ್ಲ ಮುಟ್ಟಿದ್ವು."

ಗಂಡಿನ ತಾಯಿ ಬೀಗರ ಮನೆಯಲ್ಲಿ ಉಂಡ ತಾಟು ಕೂಡ ಎತ್ತಿಡುವುದಿಲ್ಲ. ಎತ್ತಿದರೆ ಮನೆಯವರಿಗೆ ಅವಮಾನ. ಅಂಥವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿಕೆ ಹಿಡಿದಳು. ಒತ್ತಿದಳು. ಪಂಪು ಒಮ್ಮೆ ಕೆಮ್ಮಿ ನೀರು ಕಾರಿತು. ಮತ್ತೆ ಒತ್ತಿದಳು. ನೀರು ನುಗ್ಗೆಗಿಡದ ಪಾತಿಗೆ ಹೋಗಿ ಬಿತ್ತು.

ಒಳಗೆ ಅವ್ವ ತನ್ನ ತಾಯಿಯೇ ಹೊಡೆಯುತ್ತಿದ್ದಾಳೆ ಎಂದುಕೊಂಡಿದ್ದಳು.

"ಈಗ ನೀರು ಹೊಂಟ್ರೇನು, ಬಿಟ್ರೇನು" ಎಂದಳು. "ಯವ್ವಾ, ನಾ ಒಲ್ಲೆಬೇ ಹೋಗಾಕ. ಅತ್ತಿ ಕೆಟ್ಟಾಕಿ ಅಂತಲ್ಲ. ಭಾಳ ಚಲೋ ಅದಾರ, ಅದಕ್ಕ ಅಂಜಿಕಿ. ನಿನ್ನ ಮುಂದಾದ್ರ ಬಾಯಿ ತಗದು ಒದರತೀನಿ, ನಿನ್ನ ಬೈತೀನಿ, ಕೈ ಚಿವುಟತೀನಿ. ಅವರ ಮುಂದ ಹೆಂಗ ಒದರ್ಲಿ? ಹಲ್ಲ ಕಚ್ಚಿಕೊಂಡು ಸುಮ್ಮನ ಹಡಿಯಾಕ ನನಗ ಬರಂಗಿಲ್ಲಬೇ."

ಹಿಡಿಕೆ ನಿಲ್ಲಲಿಲ್ಲ. ಅದು ನನಗೆ ಬಹಳ ಇಷ್ಟವಾದ ಸಂಗತಿ. ನನಗೆ ಹೇಳುವಾಗ ಅವ್ವ ಇದನ್ನು ಎರಡು ಸಲ ಹೇಳಿದಳು. ಹಿಡಿಕೆ ನಿಲ್ಲಲಿಲ್ಲ, ಸ್ವಲ್ಪ ನಿಧಾನವಾಯಿತು ಅಷ್ಟೇ. ಆಮೇಲೆ ಹೊರಗಿನಿಂದ, ತೂತಿನ ಮೂಲಕ, ಅತ್ತೆಯ ದನಿ ಬಂತು.

"ಇನ್ನೆರಡು ತಂಬಿಗಿ ಹಾಕ್ಕೋವಾ. ನೀರು ಹೊಂಟಾವು."

ಒಳಗೆ ಅವ್ವನ ಕೈಯಿಂದ ತಂಬಿಗೆ ಜಾರಿ ಬಿತ್ತು. ಬಿದ್ದು ಕಲ್ಲಿನ ಮೇಲೆ ಉರುಳಿ ಗೋಡೆಗೆ ತಾಗಿ ನಿಂತಿತು.

"ನಿನ್ನ ಗಂಡನ್ನ ನಾ ನಮ್ಮ ಅತ್ತಿ ಮುಂದ ಹಡದೀನಿ" ಎಂದಳು ಅಮ್ಮ. "ನನಗ ತಾಯಿ ಇರಲಿಲ್ಲ. ಒಂದು ಸೊಲ್ಲ ಎತ್ತಲಿಲ್ಲ ನೋಡು. ಎಂಥಾ ಗಟ್ಟಿಗಿತ್ತಿ ಅಂತ ಊರೆಲ್ಲಾ ಹೊಗಳಿದ್ರು."

ಪಂಪು ಎರಡು ಸಲ ನೀರು ಸುರಿಯಿತು.

"ಆ ಹೊಗಳಿಕಿ ತಗೊಂಡು ಏನ ಮಾಡೂದೈತಿ?"

ಅಷ್ಟರಲ್ಲಿ ಬುತ್ತಿ ಗಂಟು ಕೈಯಲ್ಲಿ ಹಿಡಿದು ಆಯಿ ಹಿತ್ತಿಲ ಬಾಗಿಲಿಗೆ ಬಂದಳು. ಬೀಗತಿ ಸೆರಗು ಸಿಕ್ಕಿಸಿ ಪಂಪು ಹೊಡೆಯುವುದನ್ನು ಕಂಡು ಗಂಟನ್ನು ಅಲ್ಲೇ ಇಟ್ಟು ಓಡಿ ಬಂದಳು.

"ಅಯ್ಯ ಶಿವನ! ಅಕ್ಕಾರ, ಬಿಡ್ರಿ, ಬಿಡ್ರಿ! ಮಂದಿ ನೋಡಿದ್ರ ಏನಂದಾರು!"

"ಹುಡುಗಿ ಮೈ ತೊಳ್ಕೊಳಾಕ ಹತ್ಯಾಳ. ನಡಕ ಬಿಡಾಕ ಬರಂಗಿಲ್ಲ."

"ಚಕ್ಕಡಿ ಬಂದೈತ್ರಿ, ಎತ್ತು ಹೂಡ್ಯಾರ."

"ನನಗ ಬಂದೈತಿ. ಒಬ್ಬಾಕೀನ ಹೋಗ್ತೀನಿ. ಗಾದಿ ಮ್ಯಾಲೆ ಕಾಲ ಚಾಚಿ ಮಲಗಿಕೊಂಡು ಹೋಗ್ತೀನಿ."

ಆಯಿಗೆ ಅರ್ಥವಾಗಲಿಲ್ಲ. ಪಂಪು ಈಗ ನೀರು ಎತ್ತುತ್ತಿದೆ, ಅದಕ್ಕೇ ಬೀಗತಿ ಒಪ್ಪಿದಳು ಎಂದು ಅವಳು ಕೊನೆಯವರೆಗೂ ತಿಳಿದಿದ್ದಳು. ಮಾಮಾನೂ ಹಾಗೇ ತಿಳಿದ. ಪುಟ್ಟಿ ಕಟ್ಟಿದ್ದಕ್ಕೆ ತನಗೆ ಸಲ್ಲಬೇಕಾದ ಕೀರ್ತಿಯನ್ನು ಅವನು ಬಡ್ಡಿ ಸಮೇತ ಪಡೆದುಕೊಂಡ. ಅವ್ವ ಅವರ ತಪ್ಪನ್ನು ತಿದ್ದಲಿಲ್ಲ. ನರಗುಂದದ ಅಮ್ಮ ತನ್ನ ಜೀವಮಾನದಲ್ಲಿ ಆ ಮಾತು ಮತ್ತೆ ಎತ್ತಲಿಲ್ಲ. ಹಾಗೆ ನಡೆದದ್ದು ನಿಜವೇ ಎಂದು ಕೇಳಲು ನನಗೂ ಧೈರ್ಯ ಬರಲಿಲ್ಲ.

ಹೊರಡುವಾಗ ಅವಳು ಚಕ್ಕಡಿಯಿಂದ ಬಗ್ಗಿ ಆಯಿಗೆ ಹೇಳಿದ್ದನ್ನು ಮಾತ್ರ ಓಣಿಯ ಜನರೂ ಕೇಳಿದ್ದರು: "ಅಕ್ಕಾರ, ಹುಡುಗಿ ಒದರಿದ್ರ ಬಾಯಿ ಮುಚ್ಚಸಬ್ಯಾಡ್ರಿ."

ನಾನು ಹುಟ್ಟಿದ್ದು ಸಂಜೆ, ಮಂದಿ ಹೊಲದಿಂದ ಮರಳುವ ಹೊತ್ತಿಗೆ. ಅವ್ವನ ಕೂಗು ಆ ಏರಿದ ರಸ್ತೆಯನ್ನು ದಾಟಿ ಓಣಿಯ ತುದಿಯವರೆಗೆ ಹೋಯಿತಂತೆ. ಏನೋ ಅನಾಹುತವಾಯಿತೆಂದು ಹೆಂಗಸರು ಗಾಬರಿಯಿಂದ ಎರಡು ಮೆಟ್ಟಿಲು ಇಳಿದು ಓಡಿ ಬಂದರು. ಆಯಿ ಬಾಗಿಲಿಗೆ ಅಡ್ಡ ನಿಂತು, ಒದ್ದೆ ಕೈ ಒರೆಸಿಕೊಳ್ಳುತ್ತ, ಮುಖದ ತುಂಬ ನಗುತ್ತ ಹೇಳಿದಳು:

"ಏನೂ ಆಗಿಲ್ಲ, ಹೋಗ್ರವಾ. ತವರಮನ್ಯಾಗ ಅದಾಳ, ಒದರಾಕ ಹತ್ಯಾಳ."